ಕಾಂಪೌಂಡ್ ಪಕ್ಕದ 12 ಅಡಿ ಮಣ್ಣಿಗೆ ಬಸಳೆ ಬಳ್ಳಿಯೋ, ಫೌಂಟನ್ ಹುಲ್ಲೋ?

ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಸಂಪು ತೋಡಿ, ಗಾಡಿ ನಿಲ್ಲಿಸಲು ಜಾಗ ಬಿಟ್ಟ ಮೇಲೆ ಮಣ್ಣು ಅಂತ ಉಳಿಯುವುದು ಕಾಂಪೌಂಡ್ ಗೋಡೆಯ ಬುಡದಲ್ಲಿ ಒಂದು ಪಟ್ಟಿ ಅಷ್ಟೆ. ಮೈಸೂರಿನ ನಮ್ಮ ಮನೆಯಲ್ಲಿ ಅದು 12 ಅಡಿ ಉದ್ದ, 2 ಅಡಿ ಅಗಲ. ಅಲ್ಲಿ ಬಸಳೆ ಹಬ್ಬಿಸೋಣ ಎಂದು ಅಮ್ಮ ಹೇಳಿದರು. ಹೋಟೆಲೊಂದರ ಮುಂದೆ ಗಾಳಿಗೆ ತೂಗುತ್ತಿದ್ದ ನೇರಳೆ ಬಣ್ಣದ ಫೌಂಟನ್ ಹುಲ್ಲು ನೋಡಿ ಬಂದಿದ್ದ ಮಗಳು ಅದೇ ಬೇಕು ಎಂದಳು. ಇಬ್ಬರ ಮಾತೂ ನಡೆಯಲಿ ಎಂದು ನಾನು ಒಂದೇ ಪಾತಿಯಲ್ಲಿ ಎರಡನ್ನೂ ಹಾಕಿದೆ. ಹಿಂದೆ ಬಸಳೆ ಚಪ್ಪರ, ಮುಂದೆ ಸಾಲಾಗಿ ಹುಲ್ಲು. ಮೊದಲ ಮಳೆಗಾಲ ನೋಡಲು ಎರಡು ಕಣ್ಣು ಸಾಲದಷ್ಟು ಚೆಂದವಿತ್ತು.

ಮಳೆ ನಿಂತ ಮೇಲೆ ತೊಂದರೆ ಶುರುವಾಯಿತು. ಬಸಳೆಗೆಂದು ದಿನ ಬಿಟ್ಟು ದಿನ ಹಾಕಿದ ನೀರು ಹುಲ್ಲಿನ ಬುಡದಲ್ಲಿ ಇಂಗದೆ ನಿಂತು, ಐದು ಪೊದೆಗಳಲ್ಲಿ ಮೂರು ನಡುವಿನಿಂದ ಕೊಳೆತವು. ಎಳೆದರೆ ಕಪ್ಪಗಾದ ಬುಡ ಕೈಗೇ ಬಂತು. ಹುಲ್ಲು ಉಳಿಸೋಣ ಎಂದು ನೀರು ಕಡಿಮೆ ಮಾಡಿದೆ. ಹತ್ತೇ ದಿನದಲ್ಲಿ ಬಸಳೆಯ ಎಲೆ ಚಿಕ್ಕದಾಗಿ, ಗೆಣ್ಣುಗೆಣ್ಣಿಗೂ ಹೂವಿನ ತೆನೆ ಬಂತು. ಹೂ ಬಂದ ಬಳ್ಳಿಯ ಸೊಪ್ಪು ಗಟ್ಟಿ, ರುಚಿಯೂ ಕಡಿಮೆ. ಎರಡೂ ಒಳ್ಳೆಯ ಗಿಡಗಳೇ, ಆದರೆ ಎರಡರ ಬಾಯಾರಿಕೆ ಒಂದಲ್ಲ ಎಂಬುದು ನನಗೆ ಆಗ ತಿಳಿಯಿತು. ಒಂದು ನಿಮ್ಮನ್ನು ವಾರಕ್ಕೆ ಮೂರು ಸಲ ಕರೆಯುತ್ತದೆ, ಇನ್ನೊಂದು ಅಪರೂಪಕ್ಕೆ. ಚೆಂದ ನೋಡಿ ಆರಿಸುವುದಕ್ಕಿಂತ ನಿಮ್ಮ ಮನೆಯ ಬಿಸಿಲು, ನೀರು, ಬಿಡುವು ಈ ಮೂರನ್ನು ನೋಡಿ ಆರಿಸಿ. ಅದನ್ನು ಹೇಗೆ ಮಾಡುವುದೆಂದು ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಬಿಸಿಲು ನೋಡಿ

ಒಂದು ಭಾನುವಾರ ಬೆಳಿಗ್ಗೆ 8ಕ್ಕೆ, 11ಕ್ಕೆ, ಮಧ್ಯಾಹ್ನ 2ಕ್ಕೆ, ಸಂಜೆ 4ಕ್ಕೆ ನಿಮ್ಮ ಪಟ್ಟಿಯ ಮುಂದೆ ನಿಂತು ಎಲ್ಲಿ ಬಿಸಿಲು, ಎಲ್ಲಿ ನೆರಳು ಎಂದು ಸುಣ್ಣದ ಕಡ್ಡಿಯಲ್ಲಿ ಗೋಡೆಯ ಮೇಲೆ ಗುರುತು ಹಾಕಿ. ಪಕ್ಕದ ಮನೆಯ ಎರಡನೇ ಮಹಡಿ ಎಷ್ಟು ನೆರಳು ಚೆಲ್ಲುತ್ತದೆ ಎಂಬುದು ನಾವು ಅಂದುಕೊಂಡದ್ದಕ್ಕಿಂತ ಬೇರೆಯೇ ಇರುತ್ತದೆ.

ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ನಂತರ ನೆರಳಾಗುವ ಜಾಗ ಬಸಳೆಗೆ ಹೇಳಿ ಮಾಡಿಸಿದ್ದು. ನಾಲ್ಕೈದು ಗಂಟೆ ಬಿಸಿಲು ಸಾಕು. ಅರೆನೆರಳಿನಲ್ಲಿ ಎಲೆ ಇನ್ನೂ ಅಗಲವಾಗಿ, ಮೆತ್ತಗೆ ಬರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ ಮಾರ್ಚ್, ಏಪ್ರಿಲ್‌ನಲ್ಲಿ ರಾತ್ರಿ ಎಂಟರವರೆಗೂ ಕಾವು ಬಿಡುತ್ತಿರುತ್ತದೆ. ಅಲ್ಲಿ ಬಸಳೆಯ ಎಲೆ ಅಂಚಿನಿಂದ ಸುಡುತ್ತದೆ. ಅದೇ ಜಾಗ ಫೌಂಟನ್ ಹುಲ್ಲಿಗೆ ಹಬ್ಬ. ಅದಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನೆರಳಿನಲ್ಲಿಟ್ಟರೆ ಎಲೆ ಉದ್ದುದ್ದ ಬೆಳೆದು ಬಾಗಿ ಬೀಳುತ್ತದೆ, ತೆನೆ ಬರುವುದಿಲ್ಲ, ಕೆಂಪು ಬಣ್ಣವೂ ಮಾಸಿ ಹಸಿರಿಗೆ ತಿರುಗುತ್ತದೆ.

ಎರಡನೇ ಹೆಜ್ಜೆ: ನೀರು ಎಷ್ಟಿದೆ?

2023ರಲ್ಲಿ ಮುಂಗಾರು ಕೈಕೊಟ್ಟು ಕೆಆರ್‌ಎಸ್ ಜಲಾಶಯ ತನ್ನ ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಮರು ವರ್ಷದ ಬೇಸಿಗೆ ಹೇಗಿತ್ತು ಎಂಬುದು ಮೈಸೂರು, ಮಂಡ್ಯದವರಿಗೆ ನೆನಪಿರುತ್ತದೆ. ತೋಟಕ್ಕೆ ಗಿಡ ಆರಿಸುವಾಗ ನಾನು ಈಗ ಆ ಬೇಸಿಗೆಯನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಅಂಥ ವರ್ಷದಲ್ಲೂ ಈ ಗಿಡಕ್ಕೆ ನೀರು ಕೊಡಬಲ್ಲೆನೇ?

ಆ ಬೇಸಿಗೆಯಲ್ಲಿ ನಾವು ನಾಲ್ಕು ಬಸಳೆ ಬಳ್ಳಿ ಉಳಿಸಿಕೊಂಡದ್ದು ಅಡುಗೆಮನೆಯ ನೀರಿನಿಂದ. ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು, ಬೇಳೆ ನೆನೆಸಿದ್ದು ಎಲ್ಲವನ್ನೂ ಒಂದು ಬಕೆಟ್ಟಿಗೆ ಸುರಿದಿಟ್ಟರೆ ಸಂಜೆ ಹೊತ್ತಿಗೆ ಒಂದು ಬಿಂದಿಗೆಯಷ್ಟು ಆಗುತ್ತಿತ್ತು. ನಾಲ್ಕು ಬಳ್ಳಿಗೆ ದಿನ ಬಿಟ್ಟು ದಿನ ಅಷ್ಟು ಸಾಕು, ಬುಡಕ್ಕೆ ಒಣಹುಲ್ಲಿನದೋ ತರಗಿನದೋ ಮುಚ್ಚಿಗೆ ಇದ್ದರೆ. ಸೋಪಿನ ನೀರನ್ನು ಮಾತ್ರ ತಿನ್ನುವ ಸೊಪ್ಪಿಗೆ ಹಾಕಬೇಡಿ.

ಫೌಂಟನ್ ಹುಲ್ಲಿಗೆ ಬೇರು ಊರುವವರೆಗೆ, ಅಂದರೆ ಮೊದಲ ಎರಡು ತಿಂಗಳು, ನೀರು ಬೇಕು. ಆಮೇಲೆ ಬೇಸಿಗೆಯಲ್ಲಿ ಹತ್ತು, ಹನ್ನೆರಡು ದಿನಕ್ಕೊಮ್ಮೆ ಚೆನ್ನಾಗಿ ನೆನೆಸಿದರೆ ತಡೆದುಕೊಳ್ಳುತ್ತದೆ. ಇದರ ಮೂಲ ಉತ್ತರ ಮತ್ತು ಪೂರ್ವ ಆಫ್ರಿಕಾ, ಅರೇಬಿಯಾ ಕಡೆಯ ಒಣನೆಲ. ನೀರು ಕಡಿಮೆಯಾದರೆ ಎಲೆ ಸುರುಳಿ ಸುತ್ತಿಕೊಂಡು ಕಾಯುತ್ತದೆ. ಆದರೆ ಬುಡದಲ್ಲಿ ನಿಂತ ನೀರನ್ನು ತಾಳದು.

ಇಲ್ಲಿ ಮಂಡ್ಯದ ಓದುಗರಿಗೆ ಒಂದು ಮಾತು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ, ಗದ್ದೆ ಬಯಲಿನ ಹತ್ತಿರ ಮನೆ ಇದ್ದರೆ ಮಣ್ಣು ಜಿಗುಟಾಗಿರಬಹುದು, ನಾಲೆಯಲ್ಲಿ ನೀರು ಹರಿಯುವ ದಿನಗಳಲ್ಲಿ ನೆಲದಡಿಯ ತೇವ ಮೇಲಕ್ಕೇ ಇರಬಹುದು. ಒಂದು ಅಡಿ ಆಳದ ಗುಂಡಿ ತೋಡಿ, ಒಂದು ಬಿಂದಿಗೆ ನೀರು ಸುರಿದು ನೋಡಿ. ಎರಡು ಗಂಟೆಯಲ್ಲಿ ಇಂಗಿದರೆ ಎರಡರಲ್ಲಿ ಯಾವುದನ್ನಾದರೂ ಹಾಕಬಹುದು. ಸಂಜೆಯಾದರೂ ನಿಂತೇ ಇದ್ದರೆ ನೆಲಕ್ಕಿಂತ ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರಕ್ಕೆ ಏರುಮಡಿ ಮಾಡದೆ ಹುಲ್ಲು ಹಾಕಬೇಡಿ. ಮೈಸೂರಿನ ಕೆಂಪು ಮಣ್ಣಿನಲ್ಲಿ ಈ ಕಷ್ಟ ಕಡಿಮೆ. ಅಲ್ಲಿನ ತಾಪತ್ರಯವೆಂದರೆ ಮನೆ ಕಟ್ಟುವಾಗ ಹೂತುಹೋದ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು. ನಮ್ಮ ಪಟ್ಟಿಯಿಂದಲೇ ಒಂಬತ್ತು ಬಾಂಡಲಿ ತೆಗೆದಿದ್ದೇನೆ.

ಬಸಳೆ ಹಾಕುವುದಾದರೆ

ಬೀಜಕ್ಕಿಂತ ಕಡ್ಡಿಯಿಂದ ಮಾಡುವುದು ಸುಲಭ. ಕಡ್ಡಿಗೆ ನರ್ಸರಿಗೆ ಹೋಗುವ ಅಗತ್ಯವೂ ಇಲ್ಲ. ದೇವರಾಜ ಮಾರುಕಟ್ಟೆಯಲ್ಲೋ ನಿಮ್ಮ ಬೀದಿಯ ಸೊಪ್ಪಿನವರ ಬಳಿಯೋ ಬಸಳೆ ಕಟ್ಟು ಕೊಳ್ಳುವಾಗ ಪೆನ್ಸಿಲ್ಲಿಗಿಂತ ದಪ್ಪ ದಂಟಿರುವುದನ್ನು ಆರಿಸಿ. ಎಲೆ ಸಾರಿಗೆ, ದಂಟು ಮಣ್ಣಿಗೆ. ನಾಲ್ಕು ಗೆಣ್ಣು ಇರುವಂತೆ ತುಂಡು ಮಾಡಿ, ಕೆಳಗಿನ ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಸ್ವಲ್ಪ ಓರೆಯಾಗಿ ನೆಡಿ. ತಲೆಕೆಳಗು ಮಾಡಬೇಡಿ, ಎಲೆ ಕಿತ್ತ ಗುರುತಿನ ಮೇಲ್ಗಡೆ ಮೊಳಕೆ ಇರುತ್ತದೆ. ಆ ಮೊಳಕೆ ಮೇಲಕ್ಕೆ ನೋಡುತ್ತಿರಬೇಕು. ಹತ್ತು ಹನ್ನೆರಡು ದಿನದಲ್ಲಿ ಬೇರು ಬಿಡುತ್ತದೆ. ಬೀಜವೇ ಬೇಕೆಂದರೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಬಿತ್ತಿ. ಮೊಳೆಯಲು ಎರಡರಿಂದ ಮೂರು ವಾರ ತೆಗೆದುಕೊಳ್ಳುತ್ತದೆ, ಅವಸರಪಟ್ಟು ಕೆದಕಬೇಡಿ.

ಹಸಿರು ದಂಟಿನದು, ಕೆಂಪು ದಂಟಿನದು ಎಂದು ಎರಡು ಬಗೆ ಸಿಗುತ್ತದೆ. ರುಚಿಯಲ್ಲಿ ನನಗೆ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಮನೆಮುಂದೆ ಹಬ್ಬಿಸುವುದಾದರೆ ಕೆಂಪು ದಂಟಿನದನ್ನೇ ಹಾಕಿ, ಅಂದಕ್ಕೂ ಆಯಿತು. ಒಂದು ಎಚ್ಚರಿಕೆ: ಕಾಡುಬಸಳೆ ಎಂದು ಕರೆಯುವ ಗಿಡ ಬೇರೆ ಜಾತಿಯದು, ದಪ್ಪ ಎಲೆಯ ಅಂಚಿನಲ್ಲೇ ಮರಿಸಸಿ ಹುಟ್ಟುತ್ತವೆ. ಹೆಸರು ಒಂದೇ ಎಂದು ಅದನ್ನು ತಂದು ಸಾರು ಮಾಡಬೇಡಿ.

ಕಾಲ ಯಾವುದು? ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ಹತ್ತರ ಸುಮಾರಿನವರೆಗಿನ ಆ ದಿನಗಳು ಬಸಳೆ ಕಡ್ಡಿ ನೆಡಲು ಒಳ್ಳೆಯ ಹೊತ್ತು. ಹಗಲು ಚಿಕ್ಕದಾಗುತ್ತಾ ಹೋದಂತೆ ಬಸಳೆ ಹೂವಿನ ಕಡೆ ತಿರುಗುತ್ತದೆ, ಚಳಿಗೆ ಬೆಳವಣಿಗೆಯೂ ನಿಧಾನ. ಆದ್ದರಿಂದ ನವೆಂಬರ್, ಡಿಸೆಂಬರ್‌ನಲ್ಲಿ ಹೊಸದಾಗಿ ನೆಟ್ಟರೆ ಬಳ್ಳಿ ಮೊಣಕಾಲೆತ್ತರ ಬರುವ ಮೊದಲೇ ಹೂ ಬಿಡುತ್ತದೆ. ಮೇ ತಿಂಗಳಲ್ಲಿ ನೆಟ್ಟದ್ದು ಹಗಲು ದೊಡ್ಡದಿರುವಾಗಲೇ ಚಪ್ಪರ ಹತ್ತಿರುತ್ತದೆ.

ಗುಂಡಿ ಒಂದು ಅಡಿ ಆಳ, ಒಂದು ಅಡಿ ಅಗಲ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಬೇವಿನ ಹಿಂಡಿಯನ್ನು ಬಿಡಬೇಡಿ. ಬಸಳೆಯ ಬೇರಿಗೆ ಗಂಟು ಕಟ್ಟುವ ಜಂತುಹುಳುವಿನ ಕಾಟ ಬರುತ್ತದೆ. ಬಳ್ಳಿ ಕಾರಣವಿಲ್ಲದೆ ಸೊರಗಿದರೆ ಒಂದನ್ನು ಕಿತ್ತು ಬೇರು ನೋಡಿ, ಸಾಸಿವೆ, ಮೆಣಸಿನ ಕಾಳಿನಂಥ ಗಂಟುಗಳಿದ್ದರೆ ಅದೇ. ಆ ಜಾಗದಲ್ಲಿ ಒಂದು ವರ್ಷ ಚೆಂಡು ಹೂ ಹಾಕಿ, ಬಸಳೆಯನ್ನು ಬೇರೆ ಕಡೆಗೆ ಒಯ್ಯಿರಿ.

ಬಳ್ಳಿಯಿಂದ ಬಳ್ಳಿಗೆ ಒಂದೂವರೆ ಅಡಿ ಅಂತರ, ಗೋಡೆಯಿಂದ ಒಂದು ಅಡಿ ಈಚೆಗೆ. ಗೋಡೆಗೆ ತಾಗಿಸಿ ನೆಟ್ಟರೆ ತೇವ ಏರಿ ಬಣ್ಣ ಉದುರುತ್ತದೆ, ಗಾಳಿಯಾಡದೆ ಎಲೆಗೂ ರೋಗ. 12 ಅಡಿಯಲ್ಲಿ ಎಂಟು ಬಳ್ಳಿ ಹಿಡಿಸುತ್ತವೆ, ಆದರೆ ನಾಲ್ಕು ಜನರ ಮನೆಗೆ ನಾಲ್ಕು ಬಳ್ಳಿ ಧಾರಾಳ. ಆರಡಿ ಬಿದಿರು ಗಳ ನಿಲ್ಲಿಸಿ, ನಡುವೆ ತಂತಿಯನ್ನೋ ನೈಲಾನ್ ಬಲೆಯನ್ನೋ ಕಟ್ಟಿ. ಬಸಳೆಗೆ ಬೇರೆ ಬಳ್ಳಿಗಳ ಹಾಗೆ ಹಿಡಿದು ಹತ್ತುವ ಕುಡಿಬಳ್ಳಿ ಇಲ್ಲ, ಕಾಂಡವೇ ಸುತ್ತಿಕೊಂಡು ಏರಬೇಕು. ಹಾಗಾಗಿ ಮೊದಲ ಒಂದು ಅಡಿಯವರೆಗೆ ಬಾಳೆ ನಾರಿನಿಂದ ಸಡಿಲವಾಗಿ ಕಟ್ಟಿ ದಾರಿ ತೋರಿಸಿ. ಆಮೇಲೆ ಅದೇ ಹೋಗುತ್ತದೆ. ಒಂದೂವರೆ ಅಡಿ ಬಂದಾಗ ತುದಿ ಚಿವುಟಿ. ಕೈ ಬಾರದಿದ್ದರೂ ಚಿವುಟಲೇಬೇಕು, ಅಲ್ಲಿಂದ ಮೂರು ನಾಲ್ಕು ಕವಲು ಒಡೆಯುತ್ತವೆ.

ಕೊಯ್ಲು ನೆಟ್ಟ ಆರರಿಂದ ಎಂಟು ವಾರಕ್ಕೆ. ಎಲ್ಲಿ ಮುರಿಯಬೇಕು ಎಂಬುದನ್ನು ಅಮ್ಮ ನನಗೆ ಕೈ ಹಿಡಿದು ತೋರಿಸಿದರು. ಕುಡಿಯಿಂದ ಶುರುಮಾಡಿ ಹೆಬ್ಬೆರಳು, ತೋರುಬೆರಳಿನ ನಡುವೆ ದಂಟನ್ನು ಕೆಳಕ್ಕೆ ಬಗ್ಗಿಸುತ್ತಾ ಬನ್ನಿ. ಎಳೆಯ ಭಾಗದಲ್ಲಿ ಟಕ್ ಎಂದು ಗಾಜಿನ ಕಡ್ಡಿಯಂತೆ ಮುರಿಯುತ್ತದೆ, ಮುರಿದ ಬಾಯಲ್ಲಿ ತೆಳ್ಳನೆಯ ಲೋಳೆ ಮಿನುಗುತ್ತದೆ. ಇನ್ನೂ ಕೆಳಗೆ ಹೋದರೆ ಮುರಿಯದೆ ಮಡಿಚಿಕೊಳ್ಳುತ್ತದೆ, ನಾರು ಎಳೆಯುತ್ತದೆ. ಟಕ್ ಎನ್ನುವ ಕೊನೆಯ ಜಾಗವೇ ಕೊಯ್ಲಿನ ಜಾಗ. ಸಾಮಾನ್ಯವಾಗಿ ತುದಿಯಿಂದ ಒಂದು ಗೇಣು. ಅದರ ಕೆಳಗೆ ಎರಡು ಗೆಣ್ಣಾದರೂ ಉಳಿಸಿ. ನಾಲ್ಕು ಬಳ್ಳಿಯಿಂದ ನಮಗೆ ಮಳೆಗಾಲದಲ್ಲಿ ವಾರಕ್ಕೆ ಎರಡು ಹೊತ್ತಿನ ಸಾರಿಗಾಗುವಷ್ಟು ಸಿಗುತ್ತದೆ. ಕೊಯ್ದ ದಿನ ಪ್ರತಿ ಬುಡಕ್ಕೂ ಒಂದು ಹಿಡಿ ಎರೆಗೊಬ್ಬರ ಹಾಕುವ ರೂಢಿ ಮಾಡಿಕೊಂಡರೆ ಬೇರೆ ಗೊಬ್ಬರ ಬೇಡ.

ಮಳೆಗಾಲದಲ್ಲಿ ಎಲೆಯ ಮೇಲೆ ಕೆಂಪು ಅಂಚಿನ ದುಂಡು ಚುಕ್ಕೆ ಬರುತ್ತದೆ, ನಡುವೆ ಬೆಳ್ಳಗಾಗಿ ತೂತು ಬೀಳುತ್ತದೆ. ಅಂಥ ಎಲೆಗಳನ್ನು ಕಂಡ ದಿನವೇ ಕಿತ್ತು ಹೊರಗೆ ಹಾಕಿ. ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ ಬಿಡಿ. ತಿನ್ನುವ ಸೊಪ್ಪಿಗೆ ಇದಕ್ಕಿಂತ ಹೆಚ್ಚಿನ ಔಷಧಿ ನಾನು ಮಾಡುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ಬಸವನಹುಳು ಆರಿಸುವುದು ಮಳೆಗಾಲದ ಇನ್ನೊಂದು ಕೆಲಸ.

ಹೂವಿನ ತೆನೆ ಕಂಡಕಂಡಂತೆ ಚಿವುಟುತ್ತಿದ್ದರೆ ಸೊಪ್ಪಿನ ಕಾಲ ಒಂದೆರಡು ತಿಂಗಳು ಮುಂದಕ್ಕೆ ಹೋಗುತ್ತದೆ. ಕೊನೆಗೆ ಒಂದು ಬಳ್ಳಿಯನ್ನು ಹೂ ಬಿಡಲು ಬಿಟ್ಟುಬಿಡಿ. ಮಾಗಿದ ಹಣ್ಣು ಕಡುನೇರಳೆ, ಹಿಚುಕಿದರೆ ಬೆರಳೆಲ್ಲ ಬಣ್ಣ. ನಮ್ಮ ತುಳಸಿಕಟ್ಟೆಯ ಕಲ್ಲಿನ ಮೇಲೆ ಪಿಕಳಾರ ಹಕ್ಕಿ ತಿಂದು ಬೀಳಿಸಿದ ಹಣ್ಣಿನ ಕಲೆ ವಾರಗಟ್ಟಲೆ ಉಳಿದಿತ್ತು. ಬಟ್ಟೆ ಒಣಹಾಕುವ ತಂತಿಯ ಪಕ್ಕ ಬಸಳೆ ಬೇಡ.

ಅಡುಗೆಯ ಮಾತು ಇಲ್ಲದೆ ಬಸಳೆಯ ಮಾತು ಮುಗಿಯದು. ಲೋಳೆ ಎಂದು ದೂರ ಸರಿಯುವವರು ಹುಣಸೆಹುಳಿ ಸ್ವಲ್ಪ ಮುಂದಾಗಿ ಹಾಕಿ ನೋಡಿ, ಹುಳಿಗೆ ಲೋಳೆ ತಗ್ಗುತ್ತದೆ. ತೊಗರಿಬೇಳೆಯ ಜೊತೆ ಮಸ್ಸೊಪ್ಪು ಮಾಡಿ ಬಿಸಿ ಮುದ್ದೆಗೆ ಹಾಕಿಕೊಂಡರೆ ಲೋಳೆಯೇ ವರ, ಮುದ್ದೆ ತಾನಾಗಿ ಜಾರುತ್ತದೆ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಮಾತ್ರ ಬಸಳೆಯಲ್ಲಿ ಆಕ್ಸಲೇಟ್ ಇರುವುದರಿಂದ ವೈದ್ಯರನ್ನು ಕೇಳಿ ತಿನ್ನಿ.

ಹುಲ್ಲು ಹಾಕುವುದಾದರೆ

ಇಲ್ಲಿ ಕೊಳ್ಳುವ ಹೊತ್ತಿನ ಎಚ್ಚರವೇ ಮುಕ್ಕಾಲು ಕೆಲಸ. ಫೌಂಟನ್ ಹುಲ್ಲಿನಲ್ಲಿ ದ್ರಾಕ್ಷಾರಸದ ಬಣ್ಣದ ಎಲೆ ಇರುವುದು ಒಂದು, ಹಸಿರು ಎಲೆಯದು ಇನ್ನೊಂದು. ಕೆಂಪು ತಳಿಯ ತೆನೆಯಲ್ಲಿ ಮೊಳೆಯುವ ಬೀಜ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಬುಡ ಸೀಳಿಯೇ ಹೊಸ ಗಿಡ ಮಾಡಬೇಕು. ಹಸಿರು ಎಲೆಯದು ಗಾಳಿಗೆ ಬೀಜ ತೂರುತ್ತದೆ. ಹವಾಯಿ ದ್ವೀಪಗಳಲ್ಲಿ ಅಲಂಕಾರಕ್ಕೆ ತಂದದ್ದೇ ಹಬ್ಬಿ, ಒಣಗಿದಾಗ ಕಾಳ್ಗಿಚ್ಚಿಗೆ ಮೇವಾಗಿ, ಈಗ ಅಲ್ಲಿ ಅದು ಕಳೆಗಳ ಪಟ್ಟಿಯಲ್ಲಿದೆ. ದಕ್ಷಿಣ ಆಫ್ರಿಕಾದಲ್ಲೂ ಅದೇ ಕಥೆ. ನನಗೆ ಒಂದು ನರ್ಸರಿಯಲ್ಲಿ, ಎಳೆಯದಿರುವಾಗ ಹೀಗೇ ಇರುತ್ತದೆ, ಬೆಳೆದ ಮೇಲೆ ಕೆಂಪಾಗುತ್ತದೆ ಎಂದು ಹೇಳಿ ಎರಡು ಹಸಿರು ಸಸಿ ಕೊಟ್ಟರು. ಕೆಂಪಾಗಲಿಲ್ಲ. ಮರು ವರ್ಷ ಪಕ್ಕದ ಖಾಲಿ ಸೈಟಿನಲ್ಲಿ, ಚರಂಡಿಯ ಕಲ್ಲಿನ ಸಂದಿಯಲ್ಲಿ ಮರಿಗಳು ಎದ್ದವು. ಮೂರು ಭಾನುವಾರ ಕೂತು ಒಂದೊಂದನ್ನೂ ಬೇರು ಸಮೇತ ಕಿತ್ತೆ. ಚಾಮುಂಡಿ ಬೆಟ್ಟದಂಥ ಒಣ ಕುರುಚಲಿನ ಕಾಡು ಪಕ್ಕದಲ್ಲೇ ಇರುವ ಊರಿನಲ್ಲಿ ಹಸಿರು ತಳಿಯನ್ನು ನೆಡಲೇಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಸಸಿಯಲ್ಲಿ ಈಗಾಗಲೇ ಕೆಂಪು ಎಲೆ ಇದ್ದರೆ ಮಾತ್ರ ಕೊಳ್ಳಿ.

ನೆಡುವುದು ಜೂನ್, ಜುಲೈನಲ್ಲಿ, ಎರಡರಿಂದ ಎರಡೂವರೆ ಅಡಿಗೊಂದು. ಬೆಳೆದ ಪೊದೆ ಮೂರಡಿ ಎತ್ತರ ಬರುತ್ತದೆ, ಎಲೆ ಸುತ್ತಲೂ ಬಾಗುತ್ತದೆ, ಅದಕ್ಕೆ ಓಡಾಡುವ ದಾರಿಯಿಂದ ಒಂದೂವರೆ ಅಡಿ ಒಳಗೆ ಇರಲಿ. ಮಣ್ಣಿಗೆ ಕಾಲು ಭಾಗ ದಪ್ಪ ಮರಳು ಬೆರೆಸಿ. ಗೊಬ್ಬರ ಬೇಡ. ಕೊಬ್ಬಿಸಿದರೆ ಎಲೆ ಹೆಚ್ಚಿ ತೆನೆ ಕಡಿಮೆಯಾಗುತ್ತದೆ, ಪೊದೆ ನಡುವಿನಿಂದ ಹರಡಿ ಬೀಳುತ್ತದೆ.

ವರ್ಷಕ್ಕೊಮ್ಮೆ, ಯುಗಾದಿಯ ಆಸುಪಾಸಿನಲ್ಲಿ ಕೊಯ್ಯಬೇಕು. ಕಬ್ಬು ಕಡಿದು ಕೂಳೆ ಬಿಡುವುದನ್ನು ನೋಡಿದ ಮಂಡ್ಯದವರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ, ಎರಡೂ ಹುಲ್ಲಿನ ಕುಟುಂಬದವೇ. ಮೊದಲು ಪೊದೆಯನ್ನು ಸೊಂಟಕ್ಕೆ ಹಗ್ಗ ಬಿಗಿದಂತೆ ಸೆಣಬಿನ ದಾರದಿಂದ ಕಟ್ಟಿ, ನೆಲದಿಂದ ನಾಲ್ಕೈದು ಇಂಚು ಬಿಟ್ಟು ಕುಡುಗೋಲಿನಲ್ಲಿ ಕೊಯ್ಯಿರಿ. ಕಟ್ಟಿದ್ದರಿಂದ ಇಡೀ ಹೊರೆ ಒಂದೇ ಹಿಡಿಯಲ್ಲಿ ಬರುತ್ತದೆ, ಅಂಗಳ ತುಂಬಾ ಚೆಲ್ಲಾಡುವುದಿಲ್ಲ. ಕೈಗೆ ದಪ್ಪ ಬಟ್ಟೆಯ ಗ್ಲೌಸ್ ಇರಲಿ, ಎಲೆಯ ಅಂಚು ಬೆರಳನ್ನು ಗೊತ್ತಾಗದ ಹಾಗೆ ಸೀಳುತ್ತದೆ. ಏಪ್ರಿಲ್ ಮಳೆ ಒಂದು ಬಿದ್ದರೆ ಸಾಕು, ಬುಡದಿಂದ ಹೊಸ ಕೆಂಪು ಸುಳಿ ಏಳುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ನಡುಭಾಗ ಒಣಗತೊಡಗಿದಾಗ, ಮಳೆ ಹಿಡಿದ ಮೇಲೆ ಇಡೀ ಪೊದೆ ಎತ್ತಿ ಸನಿಕೆಯಿಂದ ನಾಲ್ಕು ಸೀಳು ಮಾಡಿ ಹೊರಗಿನ ಜೀವಂತ ಸೀಳುಗಳನ್ನು ನೆಡಿ. ಬೇಸಿಗೆಯ ನೀರು ಬಿಟ್ಟರೆ ಹುಲ್ಲಿಗೆ ಬೇರೆ ಕೆಲಸ ಇಲ್ಲ.

ಹೊರಗಿನ ತಳಿ ಬೇಡ, ನಮ್ಮ ನೆಲದ ಹುಲ್ಲೇ ಬೇಕು ಅನ್ನುವವರಿಗೆ ಲಾವಂಚ ಇದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಅದನ್ನೇ ನೆಟ್ಟಿದ್ದಾರೆ. ಬೇರು ನೇರ ಕೆಳಕ್ಕೆ ಎರಡು ಮೂರು ಮೀಟರ್ ಇಳಿದು ಮಣ್ಣು ಹಿಡಿಯುತ್ತದೆ, ನೀರು ನಿಂತರೂ ತಡೆಯುತ್ತದೆ, ಮಳೆ ಹೋದರೂ ತಡೆಯುತ್ತದೆ. ಫೌಂಟನ್ ಹುಲ್ಲಿನ ತೆನೆಯ ಸೊಗಸು ಅದಕ್ಕಿಲ್ಲ, ಎತ್ತರವೂ ಆಳುದ್ದ. ಇಳಿಜಾರಿನ ಸೈಟಿದ್ದು ಮಳೆಗೆ ಮಣ್ಣು ಕೊಚ್ಚಿಹೋಗುವ ಮನೆಗಳಿಗೆ ನಾನು ಅದನ್ನೇ ಹೇಳುತ್ತೇನೆ.

ಯಾರಿಗೆ ಯಾವುದು?

ಮನೆಯಲ್ಲಿ ದಿನವೂ ಒಬ್ಬರಾದರೂ ಗಿಡದ ಹತ್ತಿರ ಹೋಗುವವರಿದ್ದರೆ, ಬೆಳಗಿನ ಬಿಸಿಲಿದ್ದರೆ, ಬಸಳೆ. ಇಬ್ಬರೂ ಕೆಲಸಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವವರು, ಬಾಡಿಗೆಗೆ ಕೊಟ್ಟ ಮನೆ, ಪಶ್ಚಿಮದ ಕಾಯುವ ಗೋಡೆ, ಇವಕ್ಕೆ ಹುಲ್ಲು. ಮನೆಯಲ್ಲಿ ತೆವಳುವ ಕೂಸಿದ್ದರೆ ಹರಿತ ಅಂಚಿನ ಹುಲ್ಲನ್ನು ಕೂಸು ಮುಟ್ಟುವ ಕಡೆ ಹಾಕಬೇಡಿ. ಒಂದೇ ಒಂದನ್ನು ಆರಿಸು ಎಂದರೆ ನಾನು ಬಸಳೆಯನ್ನೇ ಆರಿಸುತ್ತೇನೆ. ಕೊಯ್ಯಲು ಹೋದಾಗಲೆಲ್ಲ ಪಕ್ಕದ ಮನೆಯವರಿಗೂ ಒಂದು ಹಿಡಿ ಕೊಟ್ಟು, ಗೋಡೆಯಾಚೆಗೆ ಎರಡು ಮಾತಾಡಿ ಬರುವ ಸುಖ ನನಗೆ ದೊಡ್ಡದು.

ಎರಡೂ ಬೇಕೆಂದರೆ ಪಾತಿ ಬೇರೆ ಮಾಡಿ. ಈಗ ನಮ್ಮಲ್ಲಿ ಪೂರ್ವದ ಗೋಡೆಗೆ ಏಳು ಅಡಿ ಬಸಳೆ. ನಡುವೆ ನೀರು ದಾಟದಂತೆ ಒಂದು ಸಾಲು ಇಟ್ಟಿಗೆಯನ್ನು ಒಂದು ಅಡಿ ಆಳಕ್ಕೆ ಹೂತಿದ್ದೇನೆ. ಗೇಟಿನ ಹತ್ತಿರದ ಐದು ಅಡಿ ಏರುಮಡಿಯಲ್ಲಿ ಎರಡು ಪೊದೆ ಕೆಂಪು ಹುಲ್ಲು. ನೆಲವೇ ಇಲ್ಲದವರು ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟಿಗೆ ತಳದಲ್ಲಿ ಐದಾರು ತೂತು ಕೊರೆದು ಎರಡು ಬಸಳೆ ಹಾಕಬಹುದು, ಹುಲ್ಲಿಗೆ ಒಂದಡಿಗಿಂತ ಸ್ವಲ್ಪ ದೊಡ್ಡ ಮಣ್ಣಿನ ಕುಂಡ ಸಾಕು.

ಇನ್ನೊಂದು ಅನುಕೂಲವೂ ಉಂಟು. ಬಸಳೆಯ ಬುಡದ ಮುಚ್ಚಿಗೆಗೆ ಮಂಡ್ಯದಲ್ಲಿ ಕಬ್ಬಿನ ತರಗು ಸುಲಭವಾಗಿ ಸಿಗುತ್ತದೆ, ಮೈಸೂರಿನ ಬಡಾವಣೆಗಳಲ್ಲಿ ಸಿಗುವುದಿಲ್ಲ. ನಾವು ಯುಗಾದಿಗೆ ಕೊಯ್ದ ಹುಲ್ಲಿನ ಹೊರೆಯನ್ನು ತಾರಸಿಯ ಮೇಲೆ ಒಣಗಿಸಿ, ಗೇಣುದ್ದ ಕತ್ತರಿಸಿ ಗೋಣಿಚೀಲದಲ್ಲಿ ತುಂಬಿಡುತ್ತೇವೆ. ಕೆಂಪು ತಳಿಯಾದ್ದರಿಂದ ಬೀಜದ ಭಯವಿಲ್ಲ. ಭರಣಿ ಮಳೆಗೆ ಬಸಳೆ ಕಡ್ಡಿ ನೆಟ್ಟ ದಿನ ಮೂರು ಬೆರಳು ದಪ್ಪಕ್ಕೆ ಅದನ್ನು ಬುಡದ ಸುತ್ತ ಹರಡುತ್ತೇವೆ, ಕಾಂಡಕ್ಕೆ ತಾಗದಂತೆ ಎರಡಿಂಚು ಜಾಗ ಬಿಟ್ಟು.